ತೊಳೆದ ಲೋಹದ ಪಾರ್ಟಿಗೆ ಮತ್ತೆ ಎಣ್ಣೆ ತಾಗುವುದು ಎಲ್ಲಿ?

ಪ್ಲೇಟಿಂಗ್ ಸಿಪ್ಪೆ ಎದ್ದರೆ, ಪೌಡರ್ ಕೋಟಿಂಗ್‌ನಲ್ಲಿ ಗುಳ್ಳೆ ಬಂದರೆ ಎಲ್ಲರೂ ಮೊದಲು ಬೈಯುವುದು ಎಣ್ಣೆ ತೊಳೆಯುವ ಡಿಗ್ರೀಸಿಂಗ್ ಟ್ಯಾಂಕನ್ನು. ಕೆಮಿಕಲ್ ಬದಲಿಸಿ, ಡೋಸ್ ಜಾಸ್ತಿ ಮಾಡಿ, ಬಿಸಿ ಏರಿಸಿ ಎನ್ನುತ್ತಾರೆ. ಫಿನಿಶಿಂಗ್ ಲೈನ್ (ಪಾರ್ಟು ತೊಳೆದು ಪ್ಲೇಟಿಂಗ್, ಕೋಟಿಂಗ್ ಮಾಡುವ ಸಾಲು) ನೋಡಿಕೊಳ್ಳುವವನಾಗಿ ನನ್ನ ಅನುಭವ ಬೇರೆ. ಎಣ್ಣೆ ಹೋಗದೆ ಉಳಿದ ಪಾರ್ಟುಗಳಿಗಿಂತ, ಚೆನ್ನಾಗಿ ತೊಳೆದ ಮೇಲೆ ಮತ್ತೆ ಎಣ್ಣೆ ತಾಗಿಸಿಕೊಂಡ ಪಾರ್ಟುಗಳೇ ನನ್ನ ಕೈಗೆ ಜಾಸ್ತಿ ಬಂದಿವೆ. ಟ್ಯಾಂಕಿನಿಂದ ಎತ್ತುವಾಗ, ಗಾಳಿ ಹೊಡೆಯುವಾಗ, ಹುಕ್ಕಿಗೆ ಸಿಕ್ಕಿಸುವಾಗ, ಒರೆಸುವಾಗ. ಹಾಗಾಗಿ ತೊಳೆಯುವ ವಿಷಯ ಬೇಕಾದಷ್ಟು ಮಾತ್ರ ಹೇಳಿ, ತೊಳೆದ ಮೇಲಿನ ದಾರಿಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಮೊದಲು ಯಾವ ಎಣ್ಣೆ ಅಂತ ಕೇಳಿ

ಪಾರ್ಟು ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ಇದು: ಇದರ ಮೇಲೆ ಇರುವುದು ಏನು? ಕಟಿಂಗ್ ಆಯಿಲ್ಲೇ, ನೀರಿಗೆ ಬೆರೆಸುವ ಕೂಲಂಟೇ, ಪ್ರೆಸ್ಸಿನಲ್ಲಿ ಹಾಕುವ ಡ್ರಾಯಿಂಗ್ ಆಯಿಲ್ಲೇ, ತುಕ್ಕು ಬರದಿರಲಿ ಅಂತ ಬಳಿದಿದ್ದೇ, ಹೊಳಪು ಕೊಡಲು ಹಚ್ಚುವ ಬಫಿಂಗ್ ಸೋಪೇ? "ಎಲ್ಲಾ ಎಣ್ಣೆ ಒಂದೇ ಅಲ್ವಾ" ಎಂದು ಕೇಳುವವರಿದ್ದಾರೆ. ಅಲ್ಲ. ಪ್ರಾಣಿಜನ್ಯ ಕೊಬ್ಬು, ಸಸ್ಯದ ಎಣ್ಣೆ ಇವು ಬಿಸಿ ಕಾಸ್ಟಿಕ್ (ಜೋರಾದ ಕ್ಷಾರ, ಅಂದರೆ ಆಲ್ಕಲಿ) ಸೇರಿದರೆ ಸೋಪಾಗಿ ಕರಗುತ್ತವೆ. ಮಿನರಲ್ ಆಯಿಲ್ ಸೋಪಾಗುವುದಿಲ್ಲ. ಅದನ್ನು ಲೋಹದಿಂದ ಎಬ್ಬಿಸಿ ತೇಲಿಸಬೇಕು, ಇಲ್ಲವೇ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹಿಡಿದಿಡಬೇಕು. ಆ ಕೆಲಸ ಮಾಡುವುದು ಕ್ಲೀನರ್‌ನಲ್ಲಿರುವ ಸರ್ಫ್ಯಾಕ್ಟಂಟ್. ಕಾಸ್ಟಿಕ್ ಎಷ್ಟು ಸುರಿದರೂ ಮಿನರಲ್ ಆಯಿಲ್ ಜಗ್ಗದಿರುವುದು ಇದಕ್ಕೇ.

ಎರಡನೇ ಪ್ರಶ್ನೆ: ಎಣ್ಣೆ ಹಾಕಿ ಎಷ್ಟು ದಿನವಾಯಿತು? ಹಚ್ಚಿದ ಹೊಸದರಲ್ಲಿ ಸಲೀಸಾಗಿ ಹೋಗುವ ಎಣ್ಣೆ ಗೋಡೌನಿನಲ್ಲಿ ಕೂತು ಗಾಳಿ ತಾಗಿ ಅಂಟಾಗುತ್ತದೆ. ಬಫಿಂಗ್ ಸೋಪಂತೂ ಬಿಸಿಯಲ್ಲೇ ಮೇಲ್ಮೈಗೆ ಒತ್ತಿ ಕೂತಿರುತ್ತದೆ. ಸ್ಟಿಯರಿಕ್ ಆಮ್ಲ, ಕೊಬ್ಬು, ಅದರ ಜೊತೆ ಅರೆಯುವ ಪುಡಿ, ಎಲ್ಲಾ ಸೇರಿ ಗಟ್ಟಿಯಾದ ಮೇಲೆ ಮೂಲೆಗಳಿಂದ ತೆಗೆಯುವುದು ಹೆಣಗಾಟ. ಬಫ್ ಮಾಡಿದ ಪಾಳಿಯಲ್ಲೇ ತೊಳೆದುಬಿಡಿ. ನೀರಿನ ಬಿಸಿ ಆ ಸೋಪು ಕರಗುವ ಬಿಸಿಗಿಂತ ಮೇಲಿರಲಿ.

ಅಲ್ಯೂಮಿನಿಯಂ, ಜಿಂಕ್ ಪಾರ್ಟುಗಳಿಗೆ ಸ್ಟೀಲಿನ ಕ್ಲೀನರ್ ಹಾಕಬೇಡಿ. ಜೋರಾದ ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ನೊರೆ ಏಳುವುದು ನೋಡಿ ಚೆನ್ನಾಗಿ ಕ್ಲೀನ್ ಆಗುತ್ತಿದೆ ಅನಿಸುತ್ತದೆ. ಆದರೆ ಎಣ್ಣೆ ಇದ್ದ ಜಾಗವನ್ನು ಬಿಟ್ಟು ಸುತ್ತ ಮಾತ್ರ ತಿಂದಿರುತ್ತದೆ. ಆ ಮಚ್ಚೆ ಅನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸುವುದು) ಆದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ನೀರು ಒಡೆಯುತ್ತದಾ ನೋಡಿ

ಪಾರ್ಟು ಶುದ್ಧವಾಗಿದೆಯೇ ಎಂದು ತಿಳಿಯಲು ನಾನು ನಂಬುವುದು ವಾಟರ್ ಬ್ರೇಕ್ ಟೆಸ್ಟನ್ನು. ದುಡ್ಡು ಬೇಡ, ಮೆಷಿನ್ ಬೇಡ. ಎಎಸ್‌ಟಿಎಂ ಎಫ್ 22 ಎಂಬ ಸ್ಟ್ಯಾಂಡರ್ಡ್ ಇದಕ್ಕಾಗಿಯೇ ಇದೆ.

ಪಾರ್ಟನ್ನು ಶುದ್ಧ ನೀರಿನಲ್ಲಿ ಮುಳುಗಿಸಿ, ನಿಧಾನಕ್ಕೆ ಎತ್ತಿ, ನೆಟ್ಟಗೆ ಹಿಡಿಯಿರಿ. ಬೆಳಕು ಪಕ್ಕದಿಂದ ಬೀಳಲಿ. ನೀರು ಒಂದೇ ಪದರವಾಗಿ ಗಾಜಿನ ಹಾಗೆ ಕೆಳಗಿಳಿಯಬೇಕು, ಸುಮಾರು ಅರ್ಧ ನಿಮಿಷ ಹಾಗೇ ನಿಲ್ಲಬೇಕು. ಎಣ್ಣೆ ಇದ್ದ ಕಡೆ ಪದರ ಹರಿದು ಒಡೆಯುತ್ತದೆ. ಮೊದಲು ಗುಂಡುಸೂಜಿ ತಲೆಯಷ್ಟು ತೂತು ಕಾಣುತ್ತದೆ. ಅದರ ಅಂಚು ದಪ್ಪಗಾಗಿ ಹಿಂದಕ್ಕೆ ಸರಿಯುತ್ತದೆ. ನೋಡುತ್ತಿದ್ದಂತೆ ಒಣ ಜಾಗ ಅಗಲವಾಗಿ, ನೀರು ಸುತ್ತಲೂ ಮಣಿಮಣಿಯಾಗಿ ನಿಲ್ಲುತ್ತದೆ. ನೀರಿನ ಮೇಲ್ಮೈ ಸೆಳೆತ ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರ್. ಶುದ್ಧ ಲೋಹ ಅದಕ್ಕಿಂತ ಬಲವಾಗಿ ನೀರನ್ನು ಎಳೆದು ಹರಡಿಸುತ್ತದೆ. ಎಣ್ಣೆಯ ಪೊರೆಗೆ ಅಷ್ಟು ಶಕ್ತಿ ಇಲ್ಲ, ಅದಕ್ಕೇ ನೀರು ತನ್ನೊಳಗೇ ಮುದುಡಿಕೊಳ್ಳುತ್ತದೆ.

ಈ ಪರೀಕ್ಷೆ ನಿಮಗೇ ಮೋಸ ಮಾಡುವ ಜಾಗಗಳೂ ಇವೆ. ಅದರಲ್ಲಿ ದೊಡ್ಡದು ಸೋಪಿನ ಪೊರೆ. ಕ್ಲೀನರ್‌ನ ಸರ್ಫ್ಯಾಕ್ಟಂಟ್ ಪಾರ್ಟಿನ ಮೇಲೆ ಉಳಿದಿದ್ದರೆ ಕೆಳಗೆ ಎಣ್ಣೆ ಇದ್ದರೂ ನೀರು ಒಡೆಯದೆ ಹರಡಿಕೊಳ್ಳುತ್ತದೆ. ನೋಡುವವರು ಪಾಸ್ ಎಂದು ಬಿಡುತ್ತಾರೆ. ಆದ್ದರಿಂದ ಆಲ್ಕಲಿ ಟ್ಯಾಂಕಿನಿಂದ ಎತ್ತಿದ ತಕ್ಷಣ ಪರೀಕ್ಷೆ ಮಾಡಬೇಡಿ. ರಿನ್ಸ್ ಮಾಡಿ (ಬರೀ ನೀರಿನಲ್ಲಿ ಜಾಲಿಸಿ), ತೆಳು ಆಸಿಡ್‌ನಲ್ಲಿ ಒಮ್ಮೆ ಅದ್ದಿ, ಮತ್ತೆ ರಿನ್ಸ್ ಮಾಡಿ, ಆಮೇಲೆ ನೋಡಿ. ಹಾಗೆಯೇ ಬ್ಲಾಸ್ಟ್ ಮಾಡಿದ (ಗ್ರಿಟ್ ಎಂಬ ಗಟ್ಟಿ ಹರಳು ಸಿಡಿಸಿ ಉಜ್ಜಿದ) ಒರಟು ಮೇಲ್ಮೈಯಲ್ಲಿ ನೀರು ಗುಳಿಗಳಲ್ಲಿ ಸಿಕ್ಕಿಕೊಂಡು ಸುಳ್ಳು ಪಾಸ್ ಕೊಡುತ್ತದೆ. ಇನ್ನೊಂದು, ಪರೀಕ್ಷೆಯ ಬಕೆಟ್ಟಿನ ನೀರು. ಬೆಳಗಿಂದ ಅದೇ ನೀರಿಗೆ ಅದ್ದುತ್ತಾ ಇದ್ದರೆ ಆ ನೀರಿನ ಮೇಲೇ ಎಣ್ಣೆ ತೇಲುತ್ತಿರುತ್ತದೆ. ಶುದ್ಧ ಪಾರ್ಟನ್ನು ನೀವೇ ಕೈಯಾರೆ ಕೆಡಿಸುತ್ತೀರಿ.

ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುವುದು ಬೂದಿ, ಕಪ್ಪು ಮಸಿ ಹುಡುಕಲು ಒಳ್ಳೆಯದು. ತೆಳು ಎಣ್ಣೆಗೆ ಅದು ಸಾಲದು. 365 ನ್ಯಾನೋಮೀಟರಿನ ಯುವಿ ಟಾರ್ಚ್ ನನ್ನ ಜೇಬಿನಲ್ಲಿ ಇದ್ದೇ ಇರುತ್ತದೆ. ಬಹಳಷ್ಟು ಮಿನರಲ್ ಆಯಿಲ್‌ಗಳು ಅದರ ಬೆಳಕಿಗೆ ನೀಲಿಯಾಗಿ ಹೊಳೆಯುತ್ತವೆ. ಎಲ್ಲವೂ ಹೊಳೆಯುವುದಿಲ್ಲ, ಹಾಗಾಗಿ ಹೊಳೆಯಲಿಲ್ಲ ಅಂದರೆ ಎಣ್ಣೆ ಇಲ್ಲ ಎಂದು ತೀರ್ಮಾನ ಮಾಡಬೇಡಿ. ಹೊಳೆದರೆ ಮಾತ್ರ ಕಳ್ಳ ಸಿಕ್ಕಿದ ಹಾಗೆ.

ಟ್ಯಾಂಕಿನ ಮೇಲೆ ತೇಲುವ ಪದರ

ಎಣ್ಣೆ ಮತ್ತೆ ತಾಗುವ ಮೊದಲ ಜಾಗ ಡಿಗ್ರೀಸಿಂಗ್ ಟ್ಯಾಂಕೇ. ಪಾರ್ಟು ಒಳಗೆ ಹೋಗುತ್ತದೆ, ಎಣ್ಣೆ ಬಿಡುತ್ತದೆ, ಆ ಎಣ್ಣೆ ಮೇಲೆ ಬಂದು ತೇಲುತ್ತದೆ. ಈಗ ಶುದ್ಧವಾದ ಪಾರ್ಟನ್ನು ಎತ್ತುವ ದಾರಿ ಯಾವುದು? ಅದೇ ಪದರದ ನಡುವೆ! ಒಳಗೆ ಎಷ್ಟು ಚೆನ್ನಾಗಿ ತೊಳೆದರೂ ಹೊರಬರುವಾಗ ಎಣ್ಣೆಯ ಕೋಟು ಹಾಕಿಸಿಕೊಂಡೇ ಬರುತ್ತದೆ. ಇದನ್ನು ಗುರುತಿಸುವುದು ಸುಲಭ. ಬಿಳಿ ಬ್ಲಾಟಿಂಗ್ ಕಾಗದವನ್ನು ಟ್ಯಾಂಕಿನ ನೀರಿನ ಮೇಲೆ ಒಮ್ಮೆ ಮಲಗಿಸಿ ಎತ್ತಿ ನೋಡಿ. ಇಕ್ಕಳ ಬಳಸಿ, ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ.

ಇದಕ್ಕೆ ಮದ್ದು ಪದರವನ್ನು ನಿಲ್ಲಲು ಬಿಡದಿರುವುದು. ಟ್ಯಾಂಕಿನ ಒಂದು ಅಂಚನ್ನು ತಗ್ಗಿಸಿ ನೀರು ಸದಾ ಅತ್ತ ಹರಿದು ಪಕ್ಕದ ಪೆಟ್ಟಿಗೆಗೆ ಬೀಳುವಂತೆ ಮಾಡಿ. ಅಲ್ಲಿ ಬೆಲ್ಟ್ ಸ್ಕಿಮ್ಮರ್ ಎಣ್ಣೆ ತೆಗೆಯುತ್ತದೆ, ಪಂಪು ನೀರನ್ನು ವಾಪಸ್ ಕಳಿಸುತ್ತದೆ. ವಾಪಸ್ ಬರುವ ನೀರು ಎದುರು ಗೋಡೆಯ ಕಡೆಯಿಂದ ಮೇಲ್ಮೈಯನ್ನು ತಳ್ಳುವ ಹಾಗೆ ಪೈಪಿನ ಬಾಯಿ ಇರಲಿ. ಬರೀ ಸ್ಕಿಮ್ಮರ್ ತಂದು ಒಂದು ಮೂಲೆಯಲ್ಲಿ ನೇತುಹಾಕಿದರೆ ಆ ಮೂಲೆ ಮಾತ್ರ ಕ್ಲೀನ್ ಆಗುತ್ತದೆ. ಇಷ್ಟೆಲ್ಲಾ ಆಗದಿದ್ದರೂ ಒಂದು ಕೆಲಸ ಮಾಡಬಹುದು. ರಾತ್ರಿಯೆಲ್ಲಾ ಅಲುಗಾಡದೆ ನಿಂತ ಟ್ಯಾಂಕಿನಲ್ಲಿ ಎಣ್ಣೆ ಮೇಲೆ ಬಂದು ಕೂತಿರುತ್ತದೆ. ಬೆಳಗ್ಗೆ ಪಂಪು, ಗಾಳಿ ಯಾವುದನ್ನೂ ಚಾಲೂ ಮಾಡುವ ಮೊದಲು ಅದನ್ನು ತೆಗೆಯಿರಿ. ಪಂಪು ಶುರುವಾದರೆ ಮತ್ತೆ ಎಲ್ಲಾ ಬೆರೆತುಹೋಗುತ್ತದೆ.

ಇಲ್ಲಿ ಕ್ಲೀನರ್ ಆಯ್ಕೆಯ ಪ್ರಶ್ನೆ ಬರುತ್ತದೆ. ಎಣ್ಣೆಯನ್ನು ಹಾಲಿನ ಹಾಗೆ ನೀರಿನಲ್ಲಿ ಬೆರೆಸಿಕೊಳ್ಳುವ ಕ್ಲೀನರ್ ಒಂದು ಥರ, ಎಣ್ಣೆಯನ್ನು ಬಿಡಿಸಿ ತೇಲಲು ಬಿಡುವುದು ಇನ್ನೊಂದು ಥರ. ಮೊದಲನೆಯದರಲ್ಲಿ ಟ್ಯಾಂಕಿನ ಮೇಲ್ಮೈ ನೋಡಲು ಚೆನ್ನಾಗಿರುತ್ತದೆ. ಆದರೆ ಎಣ್ಣೆ ಎಲ್ಲೂ ಹೋಗಿಲ್ಲ, ಒಳಗೇ ತುಂಬುತ್ತಿದೆ. ಹಿಡಿದಿಡುವ ಶಕ್ತಿ ಮುಗಿದ ದಿನ ಪಾರ್ಟಿನ ಮೇಲೇ ವಾಪಸ್ ಕೂರುತ್ತದೆ. ಸ್ಕಿಮ್ಮರ್ ಇಡುವ ಮನಸ್ಸಿದ್ದರೆ ಎರಡನೆಯದೇ ನನ್ನ ಆಯ್ಕೆ. ಜಾಗ ಇದ್ದರೆ ಎರಡು ಟ್ಯಾಂಕ್ ಇಡಿ. ಮೊದಲನೆಯದು ಹೊಲಸು ಹೊರಲಿ, ಎರಡನೆಯದು ಸ್ವಚ್ಛವಾಗಿರಲಿ. ಮೊದಲನೆಯದನ್ನು ಚೆಲ್ಲುವಾಗ ಎರಡನೆಯದರ ನೀರನ್ನು ಅದಕ್ಕೆ ತುಂಬಿ, ಹೊಸದನ್ನು ಎರಡನೆಯದಕ್ಕೆ ಹಾಕಿ.

ಬಿಸಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎನ್ನುವುದೂ ಪೂರ್ತಿ ನಿಜವಲ್ಲ. ಹಲವು ಸರ್ಫ್ಯಾಕ್ಟಂಟ್‌ಗಳಿಗೆ ಕ್ಲೌಡ್ ಪಾಯಿಂಟ್ ಇರುತ್ತದೆ. ಆ ಬಿಸಿ ದಾಟಿದರೆ ಅವು ನೀರಿನಿಂದ ಬೇರೆಯಾಗಿ ತಾವೇ ಜಿಡ್ಡಿನಂತೆ ತೇಲುತ್ತವೆ. ಡಬ್ಬಿಯ ಡೇಟಾ ಶೀಟಿನಲ್ಲಿ ಬರೆದ ಬಿಸಿಯನ್ನೇ ಇಡಿ.

ಎತ್ತುವಾಗ ಟ್ಯಾಂಕಿನ ಮೇಲೇ ನೀರಿನ ಸ್ಪ್ರೇ ಕೊಟ್ಟರೆ ಅಂಟಿಕೊಂಡು ಬಂದ ಪದರ ಅಲ್ಲೇ ಉದುರುತ್ತದೆ. ರಿನ್ಸ್ ಟ್ಯಾಂಕಿನಲ್ಲಿ ಹೊಸ ನೀರು ಒಂದು ಬದಿಯಲ್ಲಿ ಕೆಳಗಿನಿಂದ ಬಂದು ಎದುರು ಬದಿಯಲ್ಲಿ ಮೇಲಿನಿಂದ ಹೊರಹೋಗಬೇಕು. ಎಷ್ಟೋ ಕಡೆ ನಲ್ಲಿ ಮತ್ತು ಓವರ್‌ಫ್ಲೋ ಪಕ್ಕಪಕ್ಕದಲ್ಲೇ ಇರುತ್ತವೆ. ನೀರು ಬಂದ ದಾರಿಯಲ್ಲೇ ಹೋಗುತ್ತದೆ, ಉಳಿದ ಟ್ಯಾಂಕ್ ಸುಮ್ನೆ ನಿಂತಿರುತ್ತದೆ. ಟ್ಯಾಂಕಿನಿಂದ ಟ್ಯಾಂಕಿಗೆ ಹೋಗುವಾಗ ಪಾರ್ಟು ಒಣಗಲೂ ಬಾರದು. ಸಿಲಿಕೇಟ್ ಇರುವ ಕ್ಲೀನರ್ ಒಣಗಿ ಆಸಿಡ್‌ಗೆ ಹೋದರೆ ಬಿಡಿಸಲಾಗದ ಪೊರೆಯಾಗುತ್ತದೆ. ಆಮೇಲೆ ಅದನ್ನು ಎಣ್ಣೆ ಎಂದುಕೊಂಡು ತಲೆ ಕೆಡಿಸಿಕೊಳ್ಳುತ್ತೀರಿ.

ಗಾಳಿಯಲ್ಲಿ ಬರುವ ಎಣ್ಣೆ

ತೊಳೆದ ಪಾರ್ಟಿಗೆ ಏರ್ ಗನ್ನಿನಿಂದ ಗಾಳಿ ಹೊಡೆದು ಒಣಗಿಸುವುದು ಎಲ್ಲೆಡೆ ಇರುವ ಅಭ್ಯಾಸ. ಎಣ್ಣೆ ಹಾಕುವ ಕಂಪ್ರೆಸರ್‌ನ ಗಾಳಿಯಲ್ಲಿ ಎಣ್ಣೆ ಮಂಜಿನ ಹನಿಯಾಗಿಯೂ ಇರುತ್ತದೆ, ಆವಿಯಾಗಿಯೂ ಇರುತ್ತದೆ. ಹನಿಯನ್ನು ಕೋಲೆಸಿಂಗ್ ಫಿಲ್ಟರ್ ಹಿಡಿಯುತ್ತದೆ. ಆವಿಯನ್ನು ಹಿಡಿಯುವುದಿಲ್ಲ. ಅದು ಫಿಲ್ಟರ್ ದಾಟಿ ಹೋಗಿ ಮುಂದೆ ತಣ್ಣಗಿನ ಪೈಪಿನಲ್ಲಿ ಮತ್ತೆ ಎಣ್ಣೆಯಾಗುತ್ತದೆ. ಆವಿಗೆ ಬೇಕಾಗಿರುವುದು ಆಕ್ಟಿವೇಟೆಡ್ ಕಾರ್ಬನ್, ಅದೂ ಕೋಲೆಸಿಂಗ್ ಫಿಲ್ಟರ್ ಮತ್ತು ಡ್ರೈಯರ್ ಆದ ಮೇಲೆ. ಕಾರ್ಬನ್‌ನ ಒಂದು ಕೆಟ್ಟ ಗುಣವೆಂದರೆ ಅದು ತುಂಬಿದ್ದು ಗೊತ್ತೇ ಆಗುವುದಿಲ್ಲ. ಬೇರೆ ಫಿಲ್ಟರ್ ಕಟ್ಟಿಕೊಂಡರೆ ಗೇಜಿನಲ್ಲಿ ಪ್ರೆಶರ್ ವ್ಯತ್ಯಾಸ ಕಾಣುತ್ತದೆ. ಕಾರ್ಬನ್ ಸುಸ್ತಾದರೆ ಗೇಜು ಮಿಸುಕಾಡುವುದಿಲ್ಲ. ಓಡಿದ ಗಂಟೆ ಲೆಕ್ಕ ಇಟ್ಟು ಬದಲಿಸುವುದೊಂದೇ ದಾರಿ.

ಐಎಸ್‌ಒ 8573-1 ಪ್ರಕಾರ ಎಣ್ಣೆಯ ವಿಷಯದಲ್ಲಿ ಕ್ಲಾಸ್ 1 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 0.01 ಮಿಲಿಗ್ರಾಂ, ಕ್ಲಾಸ್ 2 ಅಂದರೆ 0.1 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿರಬಾರದು. ಕೋಟಿಂಗ್ ಕೆಲಸಕ್ಕೆ ನಾನು ಕ್ಲಾಸ್ 1 ಕೇಳುತ್ತೇನೆ. ಕಾಗದದಲ್ಲಿ ಕ್ಲಾಸ್ 1 ಇದ್ದರೂ ಗನ್ನಿನ ತುದಿಯಲ್ಲಿ ಏನಿದೆ ಎಂದು ನೋಡಲೇಬೇಕು. ಬಿಳಿ ಬ್ಲಾಟಿಂಗ್ ಕಾಗದವನ್ನು ಗಟ್ಟಿ ಹಲಗೆಗೆ ಸಿಕ್ಕಿಸಿ, ಗಾಳಿ ಬರುವ ಬಾಯಿಂದ 60 ಸೆಂಟಿಮೀಟರಿನ ಒಳಗೆ ಹಿಡಿದು, ಕನಿಷ್ಠ ಒಂದು ನಿಮಿಷ ಗಾಳಿ ಬಿಡಿ. ಕಾಗದದ ಮೇಲೆ ಬಣ್ಣ, ಒದ್ದೆ, ಕಲೆ ಏನೂ ಕಾಣಬಾರದು. ಎಎಸ್‌ಟಿಎಂ ಡಿ 4285 ಹೇಳುವುದು ಇದನ್ನೇ. ಕಂಪ್ರೆಸರ್ ಬಿಸಿಯಾಗಿ ಓಡುತ್ತಿರುವಾಗ ಮಾಡಿ.

ಎಲ್ಲಾ ಫಿಲ್ಟರ್ ಹಾಕಿದರೂ ಎಣ್ಣೆ ಬರುತ್ತಿದ್ದರೆ ಗೋಡೆಯ ಮೇಲಿನ ಎಫ್‌ಆರ್‌ಎಲ್ ಯೂನಿಟ್ ನೋಡಿ. ಅದರಲ್ಲಿ 'ಎಫ್' ಫಿಲ್ಟರ್, 'ಆರ್' ಪ್ರೆಶರ್ ರೆಗ್ಯುಲೇಟರ್, 'ಎಲ್' ಅಂದರೆ ಗಾಳಿಗೆ ಎಣ್ಣೆ ಹನಿಸುವ ಲೂಬ್ರಿಕೇಟರ್. ಏರ್ ಗ್ರೈಂಡರಿಗೆ ಎಣ್ಣೆ ಬೇಕು ಅಂತ ಅದನ್ನು ಹಾಕಿರುತ್ತಾರೆ. ಅದೇ ಲೈನಿಗೆ ಏರ್ ಗನ್ನು ಸಿಕ್ಕಿಸಿದರೆ? ಅಷ್ಟು ದೂರದಿಂದ ಶುದ್ಧ ಮಾಡಿಕೊಂಡು ಬಂದ ಗಾಳಿಗೆ ಕೊನೆಯ ಮೂರಡಿಯಲ್ಲಿ ನಾವೇ ಎಣ್ಣೆ ಹನಿಸಿದ ಹಾಗಾಯಿತು. ಇದನ್ನು ನಾನು ನೋಡಿರುವುದು ಒಂದೆರಡು ಕಡೆಯಲ್ಲ. ಎಣ್ಣೆ ಗಾಳಿ ಒಮ್ಮೆ ಹರಿದ ಹೋಸ್ ಕೂಡ ಒಳಗೆಲ್ಲಾ ಜಿಡ್ಡು ಹಿಡಿದಿರುತ್ತದೆ, ಶುದ್ಧ ಲೈನಿಗೆ ಹಾಕಿದರೂ ಬಿಡುತ್ತಲೇ ಇರುತ್ತದೆ. ಫಿನಿಶಿಂಗ್‌ಗೆ ಬೇರೆ ಬಣ್ಣದ ಹೋಸ್ ಇಡಿ, ಕಪ್ಲಿಂಗ್ ಕೂಡ ಒಂದಕ್ಕೊಂದು ಕೂರದ ಅಳತೆಯದ್ದು ಹಾಕಿ. ಬೋರ್ಡಿನ ಮೇಲೆ ಬರೆದರೆ ಯಾರೂ ಓದುವುದಿಲ್ಲ. ಕಪ್ಲಿಂಗ್ ಕೂರದಿದ್ದರೆ ತಪ್ಪು ಮಾಡಲು ಆಗುವುದೇ ಇಲ್ಲ.

ಬಟ್ಟೆ, ಗ್ಲೌಸ್, ಕೈ

ಕಾಟನ್ ವೇಸ್ಟ್ ಕಂಡರೆ ನನಗೆ ಆಗುವುದಿಲ್ಲ. ಎಲ್ಲಿಂದ ಬಂತೋ, ಯಾವ ಸೋಪಿನಲ್ಲಿ ಒಗೆದರೋ, ಮೊದಲು ಏನು ಒರೆಸಿದರೋ ಗೊತ್ತಿಲ್ಲ. ಒಂದೇ ಬಟ್ಟೆಯಲ್ಲಿ ಹತ್ತು ಪಾರ್ಟು ಒರೆಸಿದರೆ ಮೊದಲನೆಯದರ ಎಣ್ಣೆಯನ್ನು ಉಳಿದ ಒಂಬತ್ತಕ್ಕೂ ಸಮನಾಗಿ ಹಂಚಿದಂತೆ, ಅಷ್ಟೇ.

ಸಾಲ್ವೆಂಟಿನಲ್ಲಿ ಒರೆಸುವುದಾದರೆ ಎರಡು ಬಟ್ಟೆ ಬೇಕು. ಒಂದು ಕೈಯಲ್ಲಿ ಒದ್ದೆ, ಇನ್ನೊಂದರಲ್ಲಿ ಒಣ. ಒದ್ದೆ ಬಟ್ಟೆ ಹೋದ ಹಿಂದೆಯೇ, ಸಾಲ್ವೆಂಟ್ ಆರುವ ಮೊದಲು, ಒಣ ಬಟ್ಟೆ ಎತ್ತಿಕೊಂಡು ಬರಬೇಕು. ಆರಲು ಬಿಟ್ಟರೆ ಸಾಲ್ವೆಂಟ್ ಮಾತ್ರ ಹಾರಿಹೋಗುತ್ತದೆ, ಅದರಲ್ಲಿ ಕರಗಿದ್ದ ಎಣ್ಣೆ ತೆಳುವಾಗಿ ಅಲ್ಲೇ ಕೂರುತ್ತದೆ. ಒಂದೇ ದಿಕ್ಕಿನಲ್ಲಿ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತೆಗೆಯಿರಿ. ಬಟ್ಟೆಯನ್ನು ಡಬ್ಬಿಗೆ ಅದ್ದಬೇಡಿ, ಬಾಟಲಿಯಿಂದ ಬಟ್ಟೆಯ ಮೇಲೆ ಹಾಕಿಕೊಳ್ಳಿ. ಸಾಲ್ವೆಂಟ್ ಚೆನ್ನಾಗಿದೆಯಾ ಎಂದು ಅನುಮಾನ ಬಂದರೆ ಒಂದು ಹನಿಯನ್ನು ಶುದ್ಧ ಗಾಜಿನ ಮೇಲೆ ಆರಲು ಬಿಡಿ. ಉಂಗುರ ಉಳಿದರೆ ಆ ಡಬ್ಬಿ ಫಿನಿಶಿಂಗ್‌ಗೆ ಬೇಡ. ಸೀಮೆಎಣ್ಣೆ, ಡೀಸೆಲ್ ಇವೂ ಎಣ್ಣೆಯೇ, ಗ್ರೀಸು ಬಿಡಿಸಲು ಸರಿ, ಕೊನೆಯ ಒರೆತಕ್ಕೆ ಅಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಅಸಿಟೋನ್ ಎರಡೂ ಬೇಗ ಬೆಂಕಿ ಹಿಡಿಯುತ್ತವೆ. ಗಾಳಿಯಾಡುವ ಜಾಗ ಬೇಕು, ಕಿಡಿ ದೂರವಿರಬೇಕು. ಬಳಸಿದ ಬಟ್ಟೆ ಮುಚ್ಚಳವಿರುವ ಲೋಹದ ಡಬ್ಬಿಗೆ ಹೋಗಲಿ.

ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್ ಸಾಕು. ಆದರೆ ಗ್ಲೌಸ್ ಹಾಕಿದ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿ. ಮೂಗು ಕೆರೆದುಕೊಳ್ಳುತ್ತದೆ, ಫೋನ್ ಮುಟ್ಟುತ್ತದೆ, ಎಲ್ಲಕ್ಕಿಂತ ಜಾಸ್ತಿ ಪಾರ್ಟು ಎತ್ತುವ ಹಾಯ್ಸ್ಟಿನ ಸ್ವಿಚ್ ಮುಟ್ಟುತ್ತದೆ. ಆ ಸ್ವಿಚ್ಚಿಗೆ ಯುವಿ ಟಾರ್ಚ್ ಹಾಕಿದರೆ ಗೊತ್ತಾಗುತ್ತದೆ. ಎಣ್ಣೆ ಪಾರ್ಟು ಎತ್ತಿ ಇಡುವವರೂ ಶುದ್ಧ ಪಾರ್ಟು ಮುಟ್ಟುವವರೂ ಹಿಡಿಯುವುದು ಅದನ್ನೇ. ಪ್ರತಿ ಪಾಳಿಗೂ ಸ್ವಿಚ್ ಒರೆಸುವ ಅಭ್ಯಾಸ ಮಾಡಿಸಿ. ರ‍್ಯಾಕುಗಳ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟಿದ್ದರೆ ಅದರೊಳಗೆ ಒಂದು ಟ್ಯಾಂಕಿನ ಕೊಳೆ ಕೂತು ಇನ್ನೊಂದು ಟ್ಯಾಂಕಿನಲ್ಲಿ ಹೊರಬರುತ್ತದೆ. ಅಂಥ ರ‍್ಯಾಕನ್ನು ರಿಪೇರಿಗೆ ಕಳಿಸಿ.

ಸಿಲಿಕೋನ್

ಸಿಲಿಕೋನ್ ಸ್ಪ್ರೇ ಬಾಗಿಲ ಒಳಗೆ ಬರಬಾರದು. ಬಾಗಿಲ ಕೀಲಿಗೂ ಬೇಡ, ಕನ್ವೇಯರ್ ಚೈನಿಗೂ ಬೇಡ. ಸಿಲಿಕೋನ್ ಎಣ್ಣೆಯ ಮೇಲ್ಮೈ ಸೆಳೆತ ಸುಮಾರು 21 ಮಿಲಿನ್ಯೂಟನ್ ಪ್ರತಿ ಮೀಟರ್, ಬಣ್ಣದ್ದಕ್ಕಿಂತ ಕಡಿಮೆ. ಹಾಗಾಗಿ ಒಂದು ಸೂಕ್ಷ್ಮ ಹನಿ ಬಿದ್ದರೂ ಬಣ್ಣ ಅಲ್ಲಿಂದ ಸುತ್ತಲೂ ಸರಿದು ಮೀನಿನ ಕಣ್ಣಿನಂಥ ಗುಳಿ ಮಾಡುತ್ತದೆ. ಮಾಮೂಲಿ ಆಲ್ಕಲಿ ಕ್ಲೀನರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ, ಗಾಳಿಯಲ್ಲಿ ತೇಲಿಕೊಂಡು ಪಕ್ಕದ ಕೋಣೆಗೂ ಬರುತ್ತದೆ. ಕೆಲವು ಹ್ಯಾಂಡ್ ಕ್ರೀಮು, ಪಾಲಿಶುಗಳಲ್ಲೂ ಇರುತ್ತದೆ. ಲೇಬಲಿನಲ್ಲಿ ಡೈಮೆಥಿಕೋನ್ ಎಂದಿದ್ದರೆ ಅದೇ ಇದು.

ಸಂದಿಯಲ್ಲಿ ಅಡಗಿದ್ದು, ಗ್ರಿಟ್‌ನಲ್ಲಿ ಸೇರಿದ್ದು

ಮಡಚಿದ ಅಂಚು, ಸ್ಪಾಟ್ ವೆಲ್ಡ್ ಮಾಡಿದ ಜೋಡಿ ಶೀಟು, ಒಂದೇ ಬಾಯಿಯ ಥ್ರೆಡ್ ತೂತು, ರಂಧ್ರಗಳಿರುವ ಎರಕ. ಇವು ಹೊರಗೆ ನೀರಿನ ಪರೀಕ್ಷೆ ಪಾಸಾಗುತ್ತವೆ. ಒಲೆಯಲ್ಲಿ 180–200 ಡಿಗ್ರಿ ಸೆಲ್ಸಿಯಸ್ ತಾಗಿದಾಗ ಒಳಗಿನ ಎಣ್ಣೆ ನೀರಿನಂತೆ ತೆಳುವಾಗಿ, ಹಿಗ್ಗಿ, ಸಂದಿಯಿಂದ ಹೊರಗೆ ಜಿನುಗುತ್ತದೆ. ಅಷ್ಟರಲ್ಲಿ ಪೌಡರ್ ಕರಗುತ್ತಿರುತ್ತದೆ. ಇಂಥ ಪಾರ್ಟುಗಳನ್ನು ಕ್ಯೂರಿಂಗ್ ಬಿಸಿಗಿಂತ (ಪೌಡರ್ ಗಟ್ಟಿಯಾಗಿಸುವ ಒಲೆಯ ಬಿಸಿಗಿಂತ) ತುಸು ಹೆಚ್ಚಿಗೆ ಮೊದಲೇ ಬಿಸಿ ಮಾಡಿ, ಜಿನುಗಿದ್ದನ್ನು ಮತ್ತೆ ತೊಳೆದು, ಆಮೇಲೆ ಪೌಡರ್ ಹೊಡೆಯಿರಿ. ನೇತುಹಾಕುವಾಗ ಸಂದಿಯ ಬಾಯಿ ಕೆಳಗಿರಲಿ. ಡಿಸೈನ್ ಮಾಡುವವರು ಮಾತು ಕೇಳುವ ಹಾಗಿದ್ದರೆ ನೀರು ಇಳಿಯಲು ಒಂದು ತೂತು ಕೊಡಲು ಹೇಳಿ. ಅದರಷ್ಟು ಲಾಭದ ಕೆಲಸ ಬೇರೆ ಇಲ್ಲ.

ಬ್ಲಾಸ್ಟಿಂಗ್ ಮಾಡಿದರೆ ಎಣ್ಣೆಯೂ ಹೋಗುತ್ತದೆ ಎಂದು ನಂಬಿದವರು ತುಂಬಾ ಜನ. ಹೋಗುವುದಿಲ್ಲ. ಗ್ರಿಟ್ ಅದನ್ನು ಗುಳಿಗಳೊಳಗೆ ಒತ್ತುತ್ತದೆ, ತಾನೂ ಸ್ವಲ್ಪ ಹೊತ್ತುಕೊಂಡು ಮುಂದಿನ ಎಲ್ಲಾ ಪಾರ್ಟುಗಳಿಗೂ ಹಚ್ಚುತ್ತದೆ. ಮೊದಲು ಡಿಗ್ರೀಸ್, ಆಮೇಲೆ ಬ್ಲಾಸ್ಟ್. ಗ್ರಿಟ್ ಕೆಟ್ಟಿದೆಯಾ ನೋಡಲು ಒಂದು ಹಿಡಿಯನ್ನು ಶುದ್ಧ ನೀರಿರುವ ಬಾಟಲಿಗೆ ಹಾಕಿ ಕುಲುಕಿ, ನಿಲ್ಲಲು ಬಿಡಿ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಅಷ್ಟೂ ಗ್ರಿಟ್ ಬದಲಿಸಬೇಕು. ಪಾರ್ಟುಗಳ ಜೊತೆ ಉರುಳಿಸಿ ಉಜ್ಜುವ ಟಂಬ್ಲಿಂಗ್ ಕಲ್ಲುಗಳದ್ದೂ ಇದೇ ಕಥೆ. ಅವು ಜಿಡ್ಡು ಹಿಡಿದು ನುಣುಪಾಗಿದ್ದರೆ ಪಾರ್ಟು ಹಾಕದೆ ಬರೀ ಕ್ಲೀನರ್ ಜೊತೆ ಓಡಿಸಿ ತೊಳೆಯಿರಿ.

ಕೊನೆಗೆ ತಲೆ ಎತ್ತಿ ಮೇಲೆ ನೋಡಿ. ಹಾಯ್ಸ್ಟಿನ ಗೇರ್‌ಬಾಕ್ಸ್, ಕನ್ವೇಯರ್ ಚೈನು ಇವೆಲ್ಲಾ ತೊಳೆದ ಪಾರ್ಟುಗಳ ನೆತ್ತಿಯ ಮೇಲೇ ಇರುತ್ತವೆ. ಕೆಳಗೆ ತಗಡಿನ ತಟ್ಟೆ ಕಟ್ಟಿ. ಬ್ಲ್ಯಾಕನಿಂಗ್ (ಸ್ಟೀಲಿಗೆ ಕಪ್ಪು ಪದರ ಬರಿಸುವುದು) ಆದ ಮೇಲೆ ಎಣ್ಣೆಗೆ ಅದ್ದುವ ಟ್ಯಾಂಕ್ ಇದ್ದರೆ ಅದು ಲೈನಿನ ಆಚೆ ತುದಿಯಲ್ಲಿರಲಿ, ಅದರ ಬುಟ್ಟಿ, ಹುಕ್ಕು ಈಚೆ ಬರದಿರಲಿ.

ಕಲೆ ಎಲ್ಲಿದೆ ನೋಡಿದರೆ ಅರ್ಧ ಉತ್ತರ

ರಿಜೆಕ್ಟ್ ಆದ ಪಾರ್ಟನ್ನು ಎಸೆಯುವ ಮೊದಲು ಕಲೆಯ ಆಕಾರ ನೋಡಿ. ಹಿಡಿಯುವ ಅಂಚಿನಲ್ಲಿ ಉದ್ದುದ್ದ ಮಚ್ಚೆ ಇದ್ದರೆ ಕೈ ಅಥವಾ ಗ್ಲೌಸ್. ಅಡ್ಡಕ್ಕೆ ಪಟ್ಟೆ ಪಟ್ಟೆಯಾಗಿದ್ದರೆ ಟ್ಯಾಂಕಿನ ಮೇಲಿನ ಪದರ. ಮೇಲ್ಮುಖವಾಗಿ ನೇತಾಡುವ ಭಾಗದಲ್ಲಿ ಮಾತ್ರ ಗುಂಡು ಕಲೆಗಳಿದ್ದರೆ ನೆತ್ತಿಯ ಮೇಲಿನ ಹನಿ. ಸಂದಿಯ ಉದ್ದಕ್ಕೂ ಇಳಿದ ಗೆರೆ ಅಂದರೆ ಒಳಗಿಂದ ಜಿನುಗಿದ್ದು. ಎಲ್ಲೆಂದರಲ್ಲಿ ಸಣ್ಣ ಗುಳಿಗಳಿದ್ದರೆ ಗಾಳಿ ಅಥವಾ ಸಿಲಿಕೋನ್. ಗಾಳಿ ಹೊಡೆದ ಒಂದು ಪಾರ್ಟನ್ನೂ ಸುಮ್ನೆ ಆರಲು ಬಿಟ್ಟ ಒಂದು ಪಾರ್ಟನ್ನೂ ಒಟ್ಟಿಗೆ ಕೋಟ್ ಮಾಡಿ ನೋಡಿದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.

ಆಕಾರ ನೋಡಿ ಏನೂ ಹೊಳೆಯದಿದ್ದರೆ ಲೈನಿನಲ್ಲಿ ಪ್ರತಿ ಹಂತ ಮುಗಿದ ಮೇಲೂ ಒಂದೊಂದು ಪಾರ್ಟು ಹೊರಗೆ ತೆಗೆದು ಹೊಸ ನೀರಿನಲ್ಲಿ ಅದ್ದಿ ನೋಡುತ್ತಾ ಬನ್ನಿ. ಆಸಿಡ್ ರಿನ್ಸ್ ಆದ ಮೇಲೆ ನೀರು ಒಂದೇ ಪದರವಾಗಿ ನಿಂತು, ಒಣಗಿಸಿದ ಮೇಲೆ ಒಡೆದರೆ, ಡಿಗ್ರೀಸಿಂಗ್ ಟ್ಯಾಂಕನ್ನು ಅದರ ಪಾಡಿಗೆ ಬಿಡಿ. ಆ ಎರಡು ಹಂತಗಳ ನಡುವೆ ಪಾರ್ಟನ್ನು ಏನೇನು ಮುಟ್ಟಿತು ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಬದಲಿಸಿ.